ಗೆರೆ ದಾಟಿದ ನೀಲಿ

ಐರಿಸ್ ಹುಟ್ಟಿ ಹದಿನೆಂಟು ದಿನವಾಗಿದ್ದಾಗ ನಾನು ಮೊದಲ ಸಲ ಎವ್ರಿಲ್ ಟನಿಕ್ಲಿಫ್ ಅವರ ಕಾರು ಹತ್ತಿದೆ. ಮಗುವಿನ ಸೊಂಟದ ಕೀಲು ಗುಳಿಯಲ್ಲಿ ಸರಿಯಾಗಿ ಕೂತಿಲ್ಲ, ಎರಡೂ ಕಾಲನ್ನು ಕಪ್ಪೆಯ ಹಾಗೆ ಅಗಲಿಸಿ ಪಟ್ಟಿ ಕಟ್ಟಬೇಕು, ಪ್ರತಿ ಬುಧವಾರ ತಂದು ತೋರಿಸಬೇಕು ಎಂದಿದ್ದರು ಡಾಕ್ಟರು. ಆಸ್ಪತ್ರೆ ಇಪ್ಪತ್ತೆರಡು ಮೈಲಿ ದೂರ. ನಮ್ಮ ಊರು ಎಲ್ಡರ್ಲೋಗೆ ವಾರಕ್ಕೆ ಎರಡೇ ಬಸ್ಸು, ಬುಧವಾರ ಎರಡೂ ಇಲ್ಲ. ನನ್ನ ಗಂಡ ಕಾಲಿನ್ ಬೆಳಿಗ್ಗೆ ಐದಕ್ಕೇ ಕಾರು ತೆಗೆದುಕೊಂಡು ಕಲ್ಲುಗಣಿಗೆ ಹೋಗಿಬಿಡುತ್ತಾನೆ. ಕಾರು ಮನೆಯಲ್ಲೇ ಇದ್ದರೂ, ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಿದ್ದ ನಾನು ಓಡಿಸುವಂತಿರಲಿಲ್ಲ.

ಊರಲ್ಲಿ ಕಾರಿರುವವರು ಸರದಿಯಂತೆ ಇಲ್ಲದವರನ್ನು ಆಸ್ಪತ್ರೆಗೆ ಕರೆದೊಯ್ಯುವ ಪಟ್ಟಿಯೊಂದಿದೆ; ಯಾರೋ ಅದರಲ್ಲಿ ನನ್ನ ಹೆಸರು ಬರೆಸಿದ್ದರು. ಯಾರೆಂದು ಇಂದಿಗೂ ಗೊತ್ತಿಲ್ಲ. ಬುಧವಾರ ಎಂಟೂಕಾಲಿಗೆ ಬಾಗಿಲು ತಟ್ಟಿದ ಸದ್ದಾಯಿತು. ಎಪ್ಪತ್ತೆಂಟು ವರ್ಷದ, ಕುಳ್ಳಗಿನ, ದುಂಡಗಿನ ಹೆಂಗಸೊಬ್ಬರು ನಿಂತಿದ್ದರು. ಕೈಯಲ್ಲಿ ಕಾರಿನ ಕೀಲಿ, ಬಾಯಲ್ಲಿ ಪೆಪ್ಪರಮಿಂಟು.

ಪಟ್ಟಿ ಬಿಗಿಯಾದರೆ ರಕ್ತ ನಿಂತುಬಿಡುತ್ತದೆಯೇ? ಮಗು ಮುಂದೆ ಕುಂಟುತ್ತದೆಯೇ? ಇದು ಬಸಿರಿನಲ್ಲಿ ನಾನು ಮಾಡಿದ ತಪ್ಪೇ? ದಾರಿಯುದ್ದಕ್ಕೂ ನಾನು ಕೇಳುತ್ತಲೇ ಇದ್ದೆ. ಬರ್ಮಿಂಗ್‌ಹ್ಯಾಮಿನ ದೊಡ್ಡ ಶಾಲೆಯಲ್ಲಿ ಓದಿದವಳು ನಾನು. ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆ ಎಂದು ನಂಬಿ ಬೆಳೆದವಳು. ಎವ್ರಿಲ್ ಮೂರು ಮೈಲಿ ಸುಮ್ಮನೆ ಕೇಳಿಸಿಕೊಂಡರು.

"ನೋಡು ಮರೀ," ಎಂದರು ಕೊನೆಗೆ. "ಏರು ಹತ್ತೋವಾಗ ಎಷ್ಟ್ ಬೇಕಾದ್ರೂ ಚಿಂತೆ ಮಾಡು, ನಾನೂ ಜೊತೆಗೆ ಮಾಡ್ತೀನಿ. ಇಳಿಜಾರಲ್ಲಿ ಮಾತ್ರ ಬಾಯ್ ಮುಚ್ಕೊಂಡಿರು. ಆಗ ನಂಗೆ ಬ್ರೇಕ್ ಕಡೆ ಗಮನ ಬೇಕು."

ನಮ್ಮ ಕಡೆ ಏರು ಇಳಿಜಾರು ಬಿಟ್ಟರೆ ಬೇರೆ ರಸ್ತೆಯೇ ಇಲ್ಲ. ಹಾಗಾಗಿ ಅರ್ಧ ದಾರಿ ಚಿಂತೆ, ಅರ್ಧ ದಾರಿ ಮೌನ ಎಂದಾಯಿತು. ಆ ಮೌನದಲ್ಲಿ ಎಷ್ಟೋ ವಾರಗಳ ಮೇಲೆ ನಾನು ಮೊದಲ ಸಲ ಉಸಿರು ಬಿಟ್ಟೆ ಎನ್ನಿಸುತ್ತದೆ.

ಅವರ ಕಥೆ ನನಗೆ ಸಿಕ್ಕಿದ್ದು ಹಾಗೆಯೇ, ಏರಿಗೊಂದು ತುಣುಕು. ಹುಟ್ಟಿದ್ದು ಇದೇ ಎಲ್ಡರ್ಲೋದಲ್ಲಿ. ಊರಿನ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಬೇಯಿಸಿ ಹಾಕಿದರು. ಗಂಡ ಲೆನ್ ಗಣಿಯ ದೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡಾಗ ಇವರಿಬ್ಬರಿಗೂ ಕಾರು ಓಡಿಸಲು ಬರುತ್ತಿರಲಿಲ್ಲ. ಪಕ್ಕದ ಊರಿನಲ್ಲಿ ಅಂಚೆ ಹಂಚಿ ನಿವೃತ್ತನಾದವನೊಬ್ಬ, ಗುರುತು ಪರಿಚಯ ಇಲ್ಲದವನು, ಹನ್ನೊಂದು ತಿಂಗಳು ಅವರನ್ನು ಆಸ್ಪತ್ರೆಗೆ ಕರೆದೊಯ್ದು ಕರೆತಂದ. ಲೆನ್ ಹೋದ ಮೇಲೆ ಎವ್ರಿಲ್ ಅವನ ಮನೆಗೆ ಹೋಗಿ, ನಿಮ್ಮ ಋಣ ಹೇಗೆ ತೀರಿಸಲಿ ಎಂದು ಕೇಳಿದರಂತೆ.

"ಏನಂದ್ರು?"

"ಕಾರು ಕಲಿ ಅಂದ, ಅಷ್ಟೇ. ಬಾಗಿಲು ಹಾಕ್ಕೊಂಡ. ಟೀವೀಲಿ ಕ್ರಿಕೆಟ್ ಬರ್ತಿತ್ತು."

ಆಗ ಅವರಿಗೆ ಐವತ್ನಾಲ್ಕು. ಮೂರು ಸಲ ಡ್ರೈವಿಂಗ್ ಪರೀಕ್ಷೆಯಲ್ಲಿ ನಪಾಸಾದರು. ಒಮ್ಮೆಯಂತೂ ಪರೀಕ್ಷಕನಿಗೆ ಸೀನು ಬಂತೆಂದು ರಸ್ತೆ ನಡುವೆ ಕಾರು ನಿಲ್ಲಿಸಿ ಕರವಸ್ತ್ರ ಹುಡುಕಿಕೊಟ್ಟರಂತೆ. ನಾಲ್ಕನೆಯ ಸಲ ಪಾಸಾದರು. ಅಲ್ಲಿಂದ ಇಪ್ಪತ್ನಾಲ್ಕು ವರ್ಷ ಊರಿನವರ ಮೊಣಕಾಲು, ಹೃದಯ, ಹಲ್ಲು, ಹೆರಿಗೆ ಎಲ್ಲವೂ ಅವರ ಕಾರಿನಲ್ಲೇ ಹೋಗಿ ಬಂದಿವೆ. ಬುಧವಾರ ಬಿಟ್ಟರೆ ಉಳಿದ ದಿನವೂ ಬಿಡುವಿಲ್ಲ. ಸೋಮವಾರ ಮುದುಕರ ಊಟದ ಕೂಟ, ಶುಕ್ರವಾರ ಚರ್ಚಿಗೆ ಹೂವು, ಹಿಮ ಬಿದ್ದರೆ ಯಾರ ಬಾಗಿಲು ಮೊದಲು ಗುಡಿಸಬೇಕೆಂಬ ಪಟ್ಟಿ. ನಿಮ್ಮನ್ನು ಬಿಟ್ಟರೆ ಈ ಊರಿಲ್ಲ ಎಂದು ನಾನೊಮ್ಮೆ ಅಂದೆ. "ಊರು ಇರುತ್ತೆ ಬಿಡು, ಟೀ ಸ್ವಲ್ಪ ನೀರಾಗಿರುತ್ತೆ ಅಷ್ಟೇ" ಎಂದರು.

ಜೂನ್ ಬಂದರೆ ನಮ್ಮಲ್ಲಿ ಬಾವಿಯ ಸಿಂಗಾರ. ಮರದ ಹಲಗೆಯ ಮೇಲೆ ಹಸಿ ಜೇಡಿಮಣ್ಣು ಮೆತ್ತಿ, ಚಿತ್ರದ ಗೆರೆಗಳಿಗೆ ಆಲ್ಡರ್ ಮರದ ಪುಟ್ಟ ಕಪ್ಪು ಕಾಯಿಗಳನ್ನು ಚುಚ್ಚಿ, ಒಳಗೆಲ್ಲ ಹೂವಿನ ಎಸಳು ತುಂಬಿ, ಊರ ಬಾವಿಯ ಬಳಿ ನಿಲ್ಲಿಸುತ್ತಾರೆ. ಕೆಳಗಿನಿಂದ ಶುರುಮಾಡಿ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಏರಿಸುತ್ತ ಬರಬೇಕು. ಮಳೆ ಬಂದರೆ ನೀರು ಜಾರಿಹೋಗುತ್ತದೆ. ಮೂರು ದಿನದ ಕೆಲಸ, ಒಂದು ವಾರದ ಬಾಳು. ಇದಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ: ಒಬ್ಬರು ಕೂರಿಸಿದ ಎಸಳನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಚೆನ್ನಾಗಿರಲಿ, ಕೆಟ್ಟಿರಲಿ, ಕೂರಿಸಿದವರದ್ದು.

ಆ ವರ್ಷದ ಚಿತ್ರ ಕುರಿ ಕಾಯುವ ಹೆಂಗಸಿನದು. ನೀಲಿ ಆಕಾಶ, ನೇರಳೆ ಮೇಲಂಗಿ. ಆಕಾಶ ಎವ್ರಿಲ್ ಅವರ ಪಾಲಿಗೆ ಬಂದಿತ್ತು. ಸೋಮವಾರ ಮಧ್ಯಾಹ್ನ ಸಮುದಾಯ ಭವನದಲ್ಲಿ ಹಲಗೆಯ ಸುತ್ತ ಹತ್ತು ಜನ ಬಗ್ಗಿದ್ದೆವು. ಐರಿಸ್ ನನ್ನ ಎದೆಗೆ ಕಟ್ಟಿದ ಬಟ್ಟೆಯಲ್ಲಿ ನಿದ್ದೆ ಮಾಡುತ್ತಿದ್ದಳು. ನನಗೆ ಕೊಟ್ಟಿದ್ದು ಒಂದು ಕುರಿಯ ಕಿವಿ. ಅದನ್ನೂ ಕೆಡಿಸುತ್ತೇನೆಂಬ ಭಯದಲ್ಲಿ ಎಸಳು ಹಿಡಿದು ಸುಮ್ಮನೆ ಕೂತಿದ್ದೆ. ಅದಕ್ಕೇ ಅದು ನನ್ನ ಕಣ್ಣಿಗೆ ಬಿತ್ತು.

ಎವ್ರಿಲ್ ಅವರ ನೀಲಿ ಎಸಳುಗಳು ಕಪ್ಪು ಗೆರೆಯನ್ನು ದಾಟಿ ಮೇಲಂಗಿಯೊಳಗೆ ಹೋಗಿದ್ದವು. ಒಂದೆರಡಲ್ಲ, ಅಂಗೈಯಗಲ. ಅವರು ಇನ್ನೂ ಅಲ್ಲೇ ಕೂರಿಸುತ್ತಿದ್ದರು, ಹಿಂದಿನ ಎಸಳನ್ನು ಬೆರಳಿನಿಂದ ಸವರಿ ಜಾಗ ಹುಡುಕಿ, ಶಾಂತವಾಗಿ, ಅಚ್ಚುಕಟ್ಟಾಗಿ. ನೀಲಿ ಯಾವುದು, ನೇರಳೆ ಯಾವುದು ಎಂಬುದೇ ಅವರಿಗೆ ಕಾಣುತ್ತಿರಲಿಲ್ಲ.

ಅವರು ಟೀಗೆ ನೀರಿಡಲು ಒಳಗೆ ಹೋದರು. ಹಲಗೆಯ ಯಜಮಾನಿಕೆ ಡೆಸ್ಮಂಡ್ ಗ್ರ್ಯಾಟನ್‌ನದು. ಕಲ್ಲುಗೋಡೆ ಕಟ್ಟುವವನು, ಐವತ್ತೆಂಟು ವಯಸ್ಸು, ಮಾತು ಮಾತಿಗೂ ಕೀಟಲೆ. ಅವನು ಅಡುಗೆಮನೆಯ ಕಡೆ ಒಮ್ಮೆ ನೋಡಿ, ಕಪ್ಪು ಕಾಯಿಗಳನ್ನು ಒಂದೊಂದಾಗಿ ಕಿತ್ತು ಆಚೆಗೆ ಚುಚ್ಚತೊಡಗಿದ. ಎಸಳು ಮುಟ್ಟಲಿಲ್ಲ, ನಿಯಮ ಮುರಿಯಲಿಲ್ಲ. ಗೆರೆಯನ್ನೇ ಸರಿಸಿದ. ಎರಡು ನಿಮಿಷದಲ್ಲಿ ಮೇಲಂಗಿ ಸಣ್ಣದಾಗಿ, ಆಕಾಶ ದೊಡ್ಡದಾಗಿ, ತಪ್ಪು ಮಾಯವಾಯಿತು. ಸುತ್ತ ಇದ್ದವರೆಲ್ಲ ತಮ್ಮ ತಮ್ಮ ಹೂವು ನೋಡಿಕೊಂಡರು.

ನನಗೆ ಕಾರು ನೆನಪಾಯಿತು. ಮೂರು ವಾರದಿಂದ ಕಾರಿನಲ್ಲಿ ಅವರು, "ಆ ಬೋರ್ಡ್ ಏನನ್ನುತ್ತೆ ಓದು ಮರೀ, ಕನ್ನಡಕ ಒರೆಸಿಲ್ಲ" ಎನ್ನುತ್ತಿದ್ದರು. ನಾನು ಓದುತ್ತಿದ್ದೆ. ನನ್ನ ಚಿಂತೆ ಮರೆಸಲು ಹೀಗೆ ಮಾಡುತ್ತಾರೆ ಎಂದುಕೊಂಡಿದ್ದೆ.

ಡೆಸ್ಮಂಡ್‌ನನ್ನು ಹೊರಗೆ ಕರೆದೆ.

"ಎಷ್ಟು ದಿನದಿಂದ ಹೀಗೆ ಮಾಡ್ತಿದೀರಿ?"

"ಏನು?"

"ಗೆರೆ ಸರಿಸೋದು."

ಅವನು ಕೈಯ ಮಣ್ಣು ಪ್ಯಾಂಟಿಗೆ ಒರೆಸಿಕೊಂಡ. "ಹೋದ ವರ್ಷದಿಂದ. ನಲವತ್ತು ವರ್ಷ ಎಸಳು ಕೂರಿಸಿದವರಿಗೆ ನಿಮಗೆ ಕಾಣಲ್ಲ ಅಂತ ಯಾರು ಹೇಳ್ತಾರೆ? ಶಾಲೇಲಿ ಅವರ ಕೈಯಿಂದ ಪುಡಿಂಗ್ ತಿಂದವನು ನಾನು. ಎರಡನೇ ಸಲ ಕೇಳಿದ್ರೂ ಹಾಕೋರು."

"ಇಲ್ಲಿ ನೀವು ಸರಿಸ್ತೀರಿ. ರಸ್ತೇಲಿ ಯಾರು ಸರಿಸ್ತಾರೆ?"

ಅವನ ಮುಖದ ಕೀಟಲೆ ಇಳಿಯಿತು. ಅದು ಅವನಿಗೆ ಹೊಳೆದಿರಲಿಲ್ಲ ಎಂದಲ್ಲ. ಹೊಳೆಯದ ಹಾಗೆ ಇಟ್ಟುಕೊಂಡಿದ್ದ. "ಕಾರು ಹೋದ್ರೆ ಅವರು ಸತ್ತ ಹಾಗೇ ಕಣಮ್ಮಾ" ಎಂದ ಮೆಲ್ಲಗೆ.

ಒಂದೇ ದಿನ ಬಿಟ್ಟು ಬುಧವಾರ. ಮಗುವಿಗೆ ಜ್ವರ ಎಂದು ಸುಳ್ಳು ಹೇಳಬಹುದಿತ್ತು. ಆಗ ಐರಿಸ್ ಬಚಾವಾಗುತ್ತಿದ್ದಳು. ಗುರುವಾರ ಅವರ ಕಾರು ಹತ್ತುವವರು? ಎದುರಿನಿಂದ ಬರುವವರು? ಸ್ವತಃ ಎವ್ರಿಲ್? ನನಗೆ ಇಷ್ಟು ಮಾಡಿದವರಿಗೆ ನಾನು ಮಾಡುವುದು ಇದೇ ಏನು ಎಂದೂ ಅನ್ನಿಸಿತು. ನಾನು ಸಣ್ಣ ಸಣ್ಣದಕ್ಕೆಲ್ಲ ಹೆದರುವವಳು. ಆದರೆ ಈ ಹೆದರಿಕೆ ಬೇರೆಯೇ ಇತ್ತು, ಸುಮ್ಮನಿರಲು ಬಿಡಲಿಲ್ಲ.

ಅಡುಗೆಮನೆಯಲ್ಲಿ ಅವರು ಟೀ ಕಪ್‌ಗಳನ್ನು ತೊಳೆಯುತ್ತಿದ್ದರು. ನಾನು ಬಟ್ಟೆ ತೆಗೆದುಕೊಂಡು ಒರೆಸತೊಡಗಿದೆ. ನಾಲ್ಕು ಕಪ್ ಒರೆಸಿದ್ದಾಯಿತು.

"ಎವ್ರಿಲ್, ನಿಮ್ಮ ನೀಲಿ ಗೆರೆ ದಾಟಿತ್ತು. ಮೇಲಂಗಿ ಒಳಗೆ ಹೋಗಿತ್ತು. ಡೆಸ್ಮಂಡ್ ಗೆರೆ ಸರಿಸಿದ್ರು. ನಿಮಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ. ಬುಧವಾರ ಐರಿಸ್‌ನ ನಿಮ್ಮ ಕಾರಲ್ಲಿ ಕೂರಿಸೋಕೆ ನಂಗೆ ಭಯ." ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟೆ.

ಅವರು ಕೈ ಒರೆಸಿಕೊಂಡು, ನನ್ನ ಕಡೆ ನೋಡದೆ ನೇರ ಹಲಗೆಯ ಹತ್ತಿರ ಹೋದರು. ಬಗ್ಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು.

"ಡೆಸ್ಮಂಡ್, ಗೆರೆ ಎಲ್ಲಿತ್ತೋ?"

ಅವನು ಬೆರಳಿಟ್ಟು ತೋರಿಸಿದ. "ಇಲ್ಲಿ, ಮಿಸೆಸ್ ಟಿ." ಟನಿಕ್ಲಿಫ್ ಎಂಬುದನ್ನು ಅವನು ಶಾಲೆಯ ದಿನಗಳಿಂದಲೂ ಹೀಗೇ ಮೊಟಕು ಮಾಡಿದ್ದ.

"ಹೋದ ವರ್ಷ?"

"ಮೀನಿನ ಬಾಲ."

"ಅದನ್ನ ಊರೆಲ್ಲ ಹೊಗಳ್ತಲ್ಲೋ!"

"ಬಾಲ ನಂದು ಮಿಸೆಸ್ ಟಿ, ಹೊಗಳಿಕೆ ನಿಮ್ದು."

ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಎವ್ರಿಲ್ ನಗಲಿಲ್ಲ. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

"ಎರಡು ವರ್ಷ! ಎರಡು ವರ್ಷ ಸುಮ್ನಿದ್ರಲ್ಲ ನೀವೆಲ್ಲ. ನಾನು ಮಕ್ಕಳನ್ನ ಕೂರಿಸ್ಕೊಂಡ್ ಓಡಾಡಿದೀನಿ ಕಣ್ರೋ. ತಪ್ಪು ಮಾಡಿದ್ರೆ ತಪ್ಪು ಅಂತ ಹೇಳೋಕೆ ನಾಲಿಗೆ ಇಲ್ವಾ? ಇಟ್ಬಿಡು ಆ ಕಾಯಿನ ಮೊದಲು ಎಲ್ಲಿತ್ತೋ ಅಲ್ಲೇ."

"ಊರಿನವರೆಲ್ಲ ನೋಡ್ತಾರೆ..."

"ನೋಡ್ಲಿ. ನಂದು ತಾನೇ, ನಂದಾಗೇ ಇರಲಿ."

ಡೆಸ್ಮಂಡ್ ಕಾಯಿಗಳನ್ನು ಹಿಂದಕ್ಕೆ ಚುಚ್ಚಿದ. ಕುರಿ ಕಾಯುವ ಹೆಂಗಸು ಆ ವಾರವೆಲ್ಲ ಬಾವಿಯ ಬಳಿ ಮೇಲಂಗಿಯಲ್ಲಿ ನೀಲಿ ನಾಲಿಗೆ ಇಟ್ಟುಕೊಂಡೇ ನಿಂತಳು. ನೋಡಲು ಬಂದವರೊಬ್ಬರು ಅದೇನು ಎಂದು ಕೇಳಿದರೆ ಎವ್ರಿಲ್ ತಾವೇ ಮುಂದೆ ಬಂದು, "ಅದು ನನ್ನ ಕಣ್ಣು" ಎಂದರಂತೆ.

ಸೋಮವಾರ ಸಂಜೆಯೇ ಅವರು ಸರದಿಯ ಪಟ್ಟಿಯಲ್ಲಿ ತಮ್ಮ ಹೆಸರು ಹೊಡೆದುಹಾಕಿದರು. ನನ್ನೊಡನೆ ಮಾತಾಡದೆ ಮನೆಗೆ ಹೋದರು. ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಬುಧವಾರ ಎಂಟೂಕಾಲಿಗೆ ಬಾಗಿಲು ತಟ್ಟಿದ ಸದ್ದಾಯಿತು. ಡೆಸ್ಮಂಡ್ ತನ್ನ ವ್ಯಾನಿನೊಂದಿಗೆ ನಿಂತಿದ್ದ. ಪಕ್ಕದ ಸೀಟಿನಲ್ಲಿ ಎವ್ರಿಲ್.

"ನಾನೂ ಬರ್ತೀನಿ" ಎಂದರು. "ಆಸ್ಪತ್ರೇಲಿ ಕಣ್ಣಿನವರೂ ಇದಾರಲ್ಲ. ನಿನ್ನ ಪ್ರಶ್ನೆ ಕೇಳಿ ಕೇಳಿ ನಂಗೂ ನಾಲ್ಕು ಪ್ರಶ್ನೆ ಹುಟ್ಟಿದೆ." ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದರು, "ಹೇಳಿದ್ದು ಒಳ್ಳೇದಾಯ್ತು, ಮರೀ. ನಂಗೇ ಫೆಬ್ರವರಿಯಿಂದ ಅನುಮಾನ ಇತ್ತು. ಹೇಳ್ಕೊಳ್ಳೋಕೆ ಧೈರ್ಯ ಇರ್ಲಿಲ್ಲ."

ಎರಡೂ ಕಣ್ಣಿಗೆ ಪೊರೆ ಎಂದು ತಿಳಿಯಿತು. ತೆಗೆಯಬಹುದು, ಆದರೆ ಸರದಿ ಬರಲು ಕಾಯಬೇಕು. ತೆಗೆದ ಮೇಲೂ ಕಾರು ಓಡಿಸುವಷ್ಟು ಕಾಣುತ್ತದೆಯೇ ಎಂದು ಆಮೇಲೆಯೇ ನೋಡಬೇಕು ಎಂದರು. ಆ ಬೇಸಿಗೆ ಎವ್ರಿಲ್ ಮನೆಯ ಮುಂದೆ ಅವರ ಕಾರು ಸುಮ್ಮನೆ ನಿಂತಿತ್ತು. ಬೇರೆಯವರ ಕಾರಿನಲ್ಲಿ ಕೂರುವುದು ಅವರಿಗೆ ಬಾರದ ಕೆಲಸ. ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಲೇ ಇರುತ್ತಿದ್ದರು. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದಾಗ ಅವರನ್ನು ಯಾರು ಕರೆದೊಯ್ಯಬೇಕೆಂದು ಭವನದಲ್ಲಿ ಜಗಳವೇ ಆಯಿತು. ನನ್ನ ಮೊಣಕಾಲಿಗೆ ಅವರು ಒಂಬತ್ತು ಸಲ ಬಂದಿದ್ದರು ಎಂದು ಒಬ್ಬರು, ನನ್ನ ಅವಳಿಗಳಿಗೆ ಎಂದು ಇನ್ನೊಬ್ಬರು. ಕೊನೆಗೆ ಚೀಟಿ ಎತ್ತಿದರು. ಎಡಗಣ್ಣು ಅವಳಿಗಳ ತಾಯಿಗೆ, ಬಲಗಣ್ಣು ಡೆಸ್ಮಂಡ್‌ಗೆ. "ನನ್ನನ್ನ ಹಂದಿ ಪಾಲು ಹಾಕ್ದಂಗೆ ಹಾಕ್ತಿದಾರೆ ನೋಡು" ಎಂದರು ಎವ್ರಿಲ್. ಖುಷಿಯಿಂದ ಕಿವಿ ಕೆಂಪಾಗಿತ್ತು.

ಐರಿಸ್‌ಳ ಪಟ್ಟಿ ಆಗಸ್ಟಿನಲ್ಲೇ ಬಿಚ್ಚಿದರು. ಕೀಲು ಕೂತಿದೆ ಎಂದರು. ನಾನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಎರಡೂ ಕಣ್ಣಿನ ಪೊರೆ ತೆಗೆದ ಮೇಲೆ, ಅಕ್ಟೋಬರಿನಲ್ಲಿ ಕಣ್ಣಿನವರು ಎವ್ರಿಲ್‌ಗೆ ಕಾರು ಓಡಿಸಬಹುದು ಎಂದು ಬರೆದುಕೊಟ್ಟರು. ಅವರಿಗೆ ಅದು ಸಾಲಲಿಲ್ಲ. ಊರೆದುರಿಗೇ ಆಗಬೇಕು ಎಂದರು. ಡೆಸ್ಮಂಡ್ ಭವನದ ಮುಂದೆ ಇಪ್ಪತ್ತು ಮೀಟರ್ ಹೆಜ್ಜೆ ಹಾಕಿ ಅಳೆದು ತನ್ನ ವ್ಯಾನಿನ ಪಕ್ಕ ನಿಂತ. ಕಾರು ಓಡಿಸುವವರ ಕಣ್ಣಿನ ಪರೀಕ್ಷೆಯ ನಿಯಮದಂತೆ ಎವ್ರಿಲ್ ಅಷ್ಟು ದೂರದಿಂದ ವ್ಯಾನಿನ ನಂಬರ್ ಪ್ಲೇಟು ಓದಿದರು. ಅದರ ಹಿಂದೆ ನಿಂತಿದ್ದ ಕಾರಿನದ್ದೂ ಓದಿದರು. ಆಮೇಲೆ, "ಡೆಸ್ಮಂಡ್, ನಿನ್ನ ಕಾಲರ್ ಮೇಲೆ ಮೊಟ್ಟೆ ಕಲೆ ಇದೆ. ಇವತ್ತಿಂದೋ, ನಿನ್ನೇದೋ?" ಎಂದರು.

"ಭಾನುವಾರದ್ದು, ಮಿಸೆಸ್ ಟಿ."

ಎಲ್ಲರೂ ಚಪ್ಪಾಳೆ ತಟ್ಟಿ ಚದುರಿದರು. ಎವ್ರಿಲ್ ತಮ್ಮ ಕಾರಿನಲ್ಲಿ ಕೂತು ಬಾಗಿಲು ಎಳೆದುಕೊಂಡರು. ಆದರೆ ಕಾರು ಹೊರಡಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಹಾಗೇ ಕೂತಿದ್ದರು. ಓಡಿಹೋಗಿ ಕಿಟಕಿ ಬಡಿದೆ.

"ಏನಾಯ್ತು? ಕಾಣ್ತಿಲ್ವಾ?"

"ಕಾಣ್ತಿದೆ ಕಣೇ, ಅದೇ ಕಷ್ಟ!" ಎಂದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಈ ಕಾರು ಇಷ್ಟು ಕೊಳಕಾಗಿತ್ತಾ? ಆ ಚಕ್ರ ನೋಡು, ಈ ಸೀಟು ನೋಡು, ಇದು ಯಾವ ಕಾಲದ ಬಿಸ್ಕತ್ತು! ಇದ್ರಲ್ಲಾ ನಿನ್ನ ಮಗೂನ ಕೂರಿಸಿದ್ದು ನಾನು? ನೀನೊಂದ್ ಮಾತಾದ್ರೂ ಹೇಳ್ಬಾರ್ದಿತ್ತಾ?"

ಭವನದ ಅಡುಗೆಮನೆಯಿಂದ ಒಂದು ಬಕೆಟ್ ನೀರು, ಒರೆಸುವ ಬಟ್ಟೆ ತಂದೆ. ಐರಿಸ್‌ಳನ್ನು ಹುಲ್ಲಿನ ಮೇಲೆ ಕಂಬಳಿ ಹಾಸಿ ಮಲಗಿಸಿ, ತೋಳು ಮಡಿಸಿ, ಮುಂದಿನ ಸೀಟುಗಳನ್ನು ಅವರಿಗೆ ಬಿಟ್ಟು ನಾನು ಹಿಂದಿನವುಗಳಿಗೆ ಕೈಹಾಕಿದೆ.