ಹುಬ್ಬಿನ ಪಾಠ

ನನ್ನ ಕನಸಿನಲ್ಲಿ ಯಾರೂ ಬಾಯಿ ಬಿಟ್ಟು ಮಾತಾಡುವುದಿಲ್ಲ. ಸತ್ತ ಅತ್ತೆ ಬರುತ್ತಾಳೆ, ಹುಬ್ಬು ಗಂಟಿಕ್ಕಿ ನಿಲ್ಲುತ್ತಾಳೆ. ಬೈಯುತ್ತಿದ್ದಾಳೆ ಎಂದು ತಿಳಿಯುತ್ತದೆ. ಗಂಡ ಬಂದು ಗದ್ದ ಎತ್ತುತ್ತಾನೆ; ಚಹಾ ಕೇಳುತ್ತಿದ್ದಾನೆ ಎಂದು ತಿಳಿಯುತ್ತದೆ. ಎಲ್ಲಿಯೂ ಸದ್ದಿಲ್ಲ. ಎಲ್ಲರ ಕನಸೂ ಹೀಗೆಯೇ ಇರುತ್ತದೆ ಎಂದು ಬಹಳ ಕಾಲ ನಂಬಿದ್ದೆ. ಹಾಗಲ್ಲವಂತೆ. ನನ್ನ ತಂಗಿ ಹುಟ್ಟು ಕಿವುಡಿ. ಅವಳ ಜೊತೆ ಒಂದೇ ಕೌದಿಯಲ್ಲಿ ಮಲಗಿ ಬೆಳೆದೆ. ಕೆಮ್ಮು ನೆಗಡಿ ಅಂಟುವ ಹಾಗೆ ಇದೂ ಅಂಟಿರಬೇಕು.

ನಾನು ಓದಿದ್ದು ಮೂರನೆಯ ಇಯತ್ತೆ. ನಮ್ಮ ನಿಂಬರ್ಗಾದ ಮನೆಯಲ್ಲಿ ನೆಟ್ಟಗೆ ಓದಿದವಳೆಂದರೆ ಮೊಮ್ಮಗಳು, ಮಗನ ಮಗಳು. ಅವಳ ತಾಯಿ ಹೊಲಕ್ಕೆ ಹೋಗುತ್ತಿದ್ದಳು, ಸಾಕಿದ್ದು ನಾನು. ಕಿವಿ ಕೇಳದ ಮಕ್ಕಳಿಗೆ ಕಲಿಸುವ ಟೀಚರ್ ಆಗುತ್ತೇನೆಂದು ಕಲಬುರಗಿಯಲ್ಲಿ ಟ್ರೇನಿಂಗ್ ಸೇರಿದಳು. ಅಫಜಲಪುರದ ಒಂದು ಶಾಲೆಗೆ ಹೋಗಿ ಪಾಠ ಮಾಡಿ ಕಲಿಯಬೇಕು.

"ಕೇಳ್ಸಲಾರದ ಮಕ್ಕಳಿಗೆ ಏನಂತ ಪಾಠ ಹೇಳ್ತಿಯೇ?" ಎಂದೆ.

"ಕೈಲೆ ಹೇಳ್ತೇನಿ ಆಯಿ."

"ನಮ್ಮ ಮಾಸ್ತರ್ರೂ ಕೈಲೇ ಹೇಳ್ತಿದ್ರು. ಬೆನ್ನ ಮ್ಯಾಲ."

ಸಂಜೆ ಮಾಳಿಗೆ ಏರಿ ಅಭ್ಯಾಸ ಮಾಡುತ್ತಿದ್ದಳು. ಹೊತ್ತು ಮುಳುಗುವಾಗ ತೊಗರಿ ಹೊಲದ ಮೇಲಿನಿಂದ ಒಂದು ಹಳದಿ ಬೆಳಕು ಬರುತ್ತದೆ. ಆ ಬೆಳಕಿನಲ್ಲಿ ಅವಳ ಬೆರಳುಗಳು ಏಳುತ್ತಿದ್ದವು, ಮಡಚುತ್ತಿದ್ದವು, ಒಂದರೊಳಗೊಂದು ಹೊಕ್ಕು ಹೊರಬರುತ್ತಿದ್ದವು. ನಾನು ಜೋಳ ಹಸನು ಮಾಡುವುದು ಬಿಟ್ಟು ನೋಡುತ್ತಾ ಕೂತಿರುತ್ತಿದ್ದೆ. ಎಚ್ಚರವಿದ್ದೇ ನನ್ನ ಕನಸಿನೊಳಗೆ ಕೂತಂತಾಗುತ್ತಿತ್ತು.

ಒಂದು ಶನಿವಾರ ಮುಖ ಊದಿಸಿಕೊಂಡು ಬಂದಳು. ಕಲಿಸುವ ಮೇಡಂ ಹೇಳಿದ್ದಳಂತೆ: ಕೈ ಚಲೋ ಇದೆ, ಮುಖ ಮಾತ್ರ ಹಾಕಿದ ಬಾಗಿಲು. ನೀನು ಹೇಳುತ್ತಿದ್ದೀಯೋ ಕೇಳುತ್ತಿದ್ದೀಯೋ ಮಕ್ಕಳಿಗೆ ತಿಳಿಯುವುದಿಲ್ಲ. ಕೊನೆಯ ಪಾಠದಲ್ಲೂ ಹೀಗೇ ಆದರೆ ಪಾಸು ಮಾಡುವುದಿಲ್ಲ.

ನನಗೆ ಅರ್ಥವಾಗಲಿಲ್ಲ. ಅವಳು ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಕೈ ಝಾಡಿಸಿ ತೋರಿಸಿದಳು. "ಇದು 'ಊಟ ಆಯ್ತು'. 'ಊಟ ಆಯ್ತಾ?' ಅಂತ ಕೇಳಾಕೂ ಇದೇ ಕೈ. ಹುಬ್ಬ ಏರಿಸಿ, ಕಣ್ಣ ಅರಳಿಸಿದ್ರ ಪ್ರಶ್ನಿ. ನನಗ ಅದೇ ಬರಂಗಿಲ್ಲ. ನಾಚಿಕಿ ಬರ್ತದ."

ಬರಬೇಕಾದರೂ ಹೇಗೆ? ನಮ್ಮವ್ವ ನನಗೆ ಹೇಳಿದ್ದನ್ನೇ ನಾನು ಅವಳಿಗೆ ಹೇಳಿದ್ದೆ. ಹಲ್ಲು ಕಾಣುವಂತೆ ನಗಬೇಡ. ಹಿರಿಯರ ಮುಂದೆ ಕಣ್ಣು ಎತ್ತಬೇಡ. ಓಣಿಯವರೆಲ್ಲ 'ಎಷ್ಟು ಮರ್ಯಾದಿ ಹುಡುಗಿ' ಅನ್ನುತ್ತಿದ್ದರು. ಆ ಮರ್ಯಾದೆಗೆ ಈಗ ಮಾರ್ಕ್ಸು ಇಲ್ಲವಂತೆ. ನಮ್ಮ ಮನೆತನದಲ್ಲಿ ಅದರಿಂದ ಪಾರಾದವಳು ನನ್ನ ತಂಗಿ ಒಬ್ಬಳೇ. ಅವ್ವ ಬೈದದ್ದು ಅವಳಿಗೆ ಕೇಳಿಸಲೇ ಇಲ್ಲ.

ಮಗನೋ, ಒಂದೇ ಮಾತಿನವನು. "ಒಂದ್ ವರ್ಷ ಅಂದಿದ್ದೆ, ಒಂದೇ ವರ್ಷ. ಫೇಲಾದ್ರ ಮನ್ಯಾಗ ಕುಂಡ್ರಲಿ. ಗಂಡಿನ ಕಡೆಯವರು ಕಾಯಾಕತ್ತಾರ."

ಹುಡುಗಿ ಉಣ್ಣಲಿಲ್ಲ. ಮಾಳಿಗೆಯ ಮೇಲೆ ಕತ್ತಲಾದರೂ ಕೈ ಆಡಿಸುತ್ತಲೇ ಇದ್ದಳು.

ನಾನು ಕೂಗಿದೆ: "ಇಳಿಯೇ ಕೆಳಗ. ನಾಳೆ ಅಂದೋಲಾಕ ಹೋಗೂಣು. ನಿನ್ನ ಮೇಡಂಗಿಂತ ದೊಡ್ಡ ಮುಖ ಅಲ್ಲಿ ಅದ."

ತಂಗಿ ಇರುವುದು ಅಂದೋಲಾದಲ್ಲಿ, ತನ್ನ ಮಗನ ಮನೆಯಲ್ಲಿ. ಆಳಂದದಲ್ಲಿ ಒಂದು ಬಸ್ಸು, ಕಲಬುರಗಿಯಲ್ಲಿ ಇನ್ನೊಂದು, ಜೇವರ್ಗಿಯಲ್ಲಿ ಮತ್ತೊಂದು. ಹೆಂಗಸರಿಗೆ ಈಗ ಟಿಕೆಟ್ ಪುಕ್ಕಟೆ, ಸೀಟು ಮಾತ್ರ ಪುಕ್ಕಟೆ ಸಿಗುವುದಿಲ್ಲ. ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತೇ ತೂಕಡಿಸಿದೆ. ಭೀಮಾ ಹೊಳೆಯ ಸೇತುವೆ ಮೇಲೆ ಕಣ್ಣು ಬಿಟ್ಟರೆ ಕೆಳಗೆ ನೀರು ಅಲುಗದೆ ಮಲಗಿತ್ತು. ಮೇಲಿದ್ದ ಆಕಾಶ ಕೆಳಗೂ ಇತ್ತು. ನಡುವೆ ಬಸ್ಸು ಯಾವುದಕ್ಕೂ ಅಂಟದೆ ತೇಲುತ್ತಿದೆ ಅನ್ನಿಸಿತು. ಪಕ್ಕದಲ್ಲಿ ನಿಂತ ಮೊಮ್ಮಗಳ ಬೆರಳುಗಳು ಕಂಬಿಯ ಮೇಲೆ ತಾವೇ ಏನೋ ಹೇಳಿಕೊಳ್ಳುತ್ತಿದ್ದವು.

ತಂಗಿಗೆ ಶಾಲೆಯ ಕೈಮಾತು ಬರುವುದಿಲ್ಲ. ಅವಳದು ಮನೆಯ ಮಾತು, ಅವಳೇ ಕಟ್ಟಿದ್ದು. ಮೊಮ್ಮಗಳು ಕೂತವಳೇ ಕಲಿತದ್ದನ್ನೆಲ್ಲ ಚಕಚಕ ತೋರಿಸಿದಳು. ತಂಗಿ ತೊಗರಿ ಕೇರುತ್ತಿದ್ದವಳು ಮೊರ ನಿಲ್ಲಿಸಿ ನೋಡಿದಳು. ಹುಡುಗಿಯ ಕೈ ಬಿಟ್ಟು ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಕೆನ್ನೆ ಇಳಿಬಿಟ್ಟು, ಕಣ್ಣು ಕಲ್ಲು ಮಾಡಿ ಕೂತಳು. ಥೇಟ್ ನಮ್ಮ ಹುಡುಗಿಯೇ! ತಂಗಿಯ ಸೊಸೆ ಒಲೆಯ ಮುಂದಿನಿಂದ ನಕ್ಕಳು: "ಸಿಟ್ಟಾಗಬ್ಯಾಡ್ರಿ. ನಮ್ಮತ್ತಿ ಯಾರನ್ನೂ ಬಿಡಂಗಿಲ್ಲ. ನನ್ನಂತೂ ದಿನಾ ಅಣಗಿಸ್ತಾಳ್ರಿ."

ಸಂಗತಿ ಏನೆಂದು ನಾನು ನಮ್ಮ ಹಳೆಯ ಮಾತಿನಲ್ಲಿ ತಂಗಿಗೆ ಹೇಳಿದೆ. ಅವಳು ಕೈ ಚಾಚಿ ಹುಡುಗಿಯ ಫೋನ್ ಕಸಿದು ಉಡಿಯಲ್ಲಿ ಹಾಕಿಕೊಂಡಳು. ಮತ್ತೆ ತೊಗರಿ ಕೇರತೊಡಗಿದಳು.

ಹುಡುಗಿ ಕೈಯಿಂದ 'ಫೋನ್' ಎಂದಳು. ತಂಗಿ ತಲೆ ಆಡಿಸಿದಳು: ಹೌದು, ಫೋನ್.

"ಆಯಿ, ನೀನರ ಹೇಳ ಅಕೀಗೆ."

"ನನಗ ಇವತ್ತ ಕಿವಿ ಕೇಳ್ಸಂಗಿಲ್ಲ."

ಹುಡುಗಿಯ ಹುಬ್ಬು ಒಂದಿಷ್ಟು ಅಲುಗಿತು. ತಕ್ಷಣ ನನ್ನ ಕಡೆ ನೋಡಿದಳು, ಹೆಗಲ ಮೇಲಿನ ಓಡನಿಯ ಸೆರಗು ಬಾಯಿಗೆ ಬಂತು. ತಂಗಿಯ ಕಣ್ಣಿಗೆ ಯಾವುದು ತಪ್ಪುತ್ತದೆ? ನನ್ನನ್ನು ಬೆರಳಿನಿಂದ ತಿವಿದಳು, ಗೋಡೆ ತೋರಿಸಿದಳು. ನೀನು ಅತ್ತ ತಿರುಗು.

ತಿರುಗಿ ಮಲಗಿದೆ. ಗೋಡೆಯ ಮೇಲೆ ಬಿಸಿಲಿನ ಒಂದು ತುಂಡು ಮೆಲ್ಲಗೆ ಸರಿಯುತ್ತಿತ್ತು. ಬೆನ್ನ ಹಿಂದೆ ಸದ್ದಿಲ್ಲ. ಬಳೆ ಅಲುಗಿದರೆ ಅಲುಗಿತು, ಇಲ್ಲದಿದ್ದರೆ ಇಲ್ಲ. ಹಿಂದೆ ಏನೋ ದೊಡ್ಡದು ನಡೆಯುತ್ತಿತ್ತು. ನಿದ್ದೆಗೆ ಜಾರುವಾಗ ತಂಗಿ ನಕ್ಕದ್ದು ಕೇಳಿತು. ಅವಳ ನಗೆ ಬೀಸುವ ಕಲ್ಲು ಮೊದಲು ತಿರುಗಿದ ಹಾಗೆ, ಗರಗರ. ಎದ್ದು ನೋಡಿದರೆ ಫೋನ್ ಹುಡುಗಿಯ ಕೈಗೆ ವಾಪಸ್ ಬಂದಿತ್ತು. ಮರುದಿನವೂ ನಾನು ಗೋಡೆಯನ್ನೇ ನೋಡಿದೆ. ಹುಡುಗಿಯ ಮುಖ ಬಿಚ್ಚಿದ್ದನ್ನು ನೋಡಿದವಳು ನನ್ನ ತಂಗಿ, ನಾನಲ್ಲ.

ಕೊನೆಯ ಪಾಠದ ದಿನ ಜೊತೆಗೆ ಒಬ್ಬರು ಹೋಗಲಿ ಎಂದ ಮಗ. ಬುತ್ತಿ ಕಟ್ಟಿಕೊಂಡು ಅಫಜಲಪುರಕ್ಕೆ ಹೋದೆ. ಇಂದಾದರೂ ನೋಡುತ್ತೇನೆ ಎಂದು ಕೋಣೆಯೊಳಗೆ ಹಿಂಬದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಗಟ್ಟಿಯಾಗಿ ಕೂತೆ. ಮುಂದೆ ಒಂದು ಹಿಡಿಯಷ್ಟು ಮಕ್ಕಳು. ಗೋಡೆಗೆ ಒರಗಿ ಮೇಡಂ.

ಮೊಮ್ಮಗಳು ಒಂದು ಚೀಲ ಎತ್ತಿ ಹಿಡಿದಳು. ಒಳಗೆ ಏನಿದೆ ಎಂದು ಮಕ್ಕಳನ್ನು ಕೇಳಬೇಕು. ಕೈ ಕೇಳಿತು, ಮುಖ ಕೇಳಲಿಲ್ಲ. ಮಕ್ಕಳು ತಲೆ ಆಡಿಸಿದರು: ಹೌದು, ಚೀಲ. ಮತ್ತೊಮ್ಮೆ ಕೇಳಿದಳು. ಒಬ್ಬಳು ಹುಡುಗಿ ಆಕಳಿಸಿದಳು. ಮೇಡಂ ಪೆನ್ನಿನ ಮುಚ್ಚಳ ತೆಗೆದಳು.

ಆಗ ಮೊಮ್ಮಗಳು ನನ್ನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಕೂತ ಸೊಸೆ, ಅತ್ತೆ ಬಂದಾಗ ದಡಕ್ಕನೆ ಏಳುತ್ತಾಳಲ್ಲ, ಆ ನೋಟ. ಕೈ ಓಡನಿಯ ತುದಿ ಹುಡುಕುತ್ತಿತ್ತು.

ಅಂದೋಲಾದಲ್ಲಿ ಗೋಡೆ ಇತ್ತು. ಇಲ್ಲಿ ಬಾಗಿಲು ಇತ್ತು. ಮೊಣಕಾಲು ಹಿಡಿದು ಎದ್ದೆ.

"ಯಾಕ್ರೀ, ಆರಾಮಿಲ್ಲೇನು?" ಮೇಡಂ ಕೇಳಿದಳು.

"ಸೆಕಿ ಆಗಾಕತ್ತದ," ಎಂದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಬೇವಿನ ಗಿಡದ ಕೆಳಗೆ ಕೂತೆ. ನೋಡುವ ಆಸೆ ಇರಲಿಲ್ಲವೆಂದರೆ ಸುಳ್ಳು. ಬಿಸಿಲು ಕಾಲಿನಿಂದ ಸೊಂಟಕ್ಕೆ ಏರಿತು. ಶಾಲೆ ಅಂದರೆ ಗದ್ದಲ, ಇದು ಗುಡಿಗಿಂತ ತಣ್ಣಗಿತ್ತು. ಕಣ್ಣು ಹತ್ತಿತು. ಕನಸಿನಲ್ಲಿ ಅವ್ವ ಬಂದಳು, ಎಂದಿನಂತೆ ಬಾಯಿ ಮುಚ್ಚಿಕೊಂಡು. ಎದುರು ನಿಂತು, ಅವ್ವ ಎಂದೂ ಮಾಡದ ಕೆಲಸ ಮಾಡಿದಳು: ಹಲ್ಲು ಬಿಟ್ಟು ನಕ್ಕಳು. ಅವ್ವನಿಗೆ ಎಷ್ಟು ಚೆಂದದ ಹಲ್ಲು ಇದ್ದವು ಎಂದು ನೋಡುತ್ತಿರುವಾಗ ಸದ್ದು ಬಂತು. ನನ್ನ ಕನಸಿಗೆ ಸದ್ದು!

ಎಚ್ಚರವಾಯಿತು. ಸದ್ದು ಕೋಣೆಯೊಳಗಿನದು. ಮಕ್ಕಳು ನಗುತ್ತಿದ್ದರು. ತಮ್ಮ ನಗೆ ತಮಗೆ ಕೇಳಿಸದವರ ನಗೆಗೆ ಅಂಕೆ ಇರುವುದಿಲ್ಲ. ಒಂದು ಬೀಸುವ ಕಲ್ಲಲ್ಲ, ಓಣಿಯ ಕಲ್ಲುಗಳೆಲ್ಲ ಒಮ್ಮೆಲೇ ತಿರುಗಿದಂತಿತ್ತು. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಎದ್ದಿತು. ಗಿಡದ ಗುಬ್ಬಿಗಳು ಹಾರಿಹೋದವು.

ಮೊದಲು ಮೇಡಂ ಬಂದಳು. "ಪಾಸ್ ಮಾಡೀನ್ರಿ. ಇಷ್ಟ ದಿನ ಎಲ್ಲಿಟ್ಟಿದ್ಳ್ರಿ ಈ ಮುಖ?"

"ನಮ್ಮ ಮನ್ಯಾಗೇ ಇತ್ತು," ಎಂದೆ.

ಹಿಂದೆ ಮೊಮ್ಮಗಳು. ಓಡನಿಯನ್ನು ಸೊಂಟಕ್ಕೆ ಬಿಗಿದಿದ್ದಳು. ನನ್ನೆದುರು ನಿಂತು ಅತ್ತ ಇತ್ತ ನೋಡಲಿಲ್ಲ. ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದಳು, ಕೈ ಝಾಡಿಸಿದಳು. ಹುಬ್ಬು ಹಣೆಗೆ ಏರಿತು, ಕಣ್ಣು ಅರಳಿದವು, ಗದ್ದ ಮುಂದೆ ಬಂತು.

ಇಲ್ಲ ಎಂದು ತಲೆ ಆಡಿಸಿ, ಬುತ್ತಿಯ ಗಂಟು ಬಿಚ್ಚಿದೆ.