ಹೀರೋನ ಹೊಟ್ಟೆಗೆ ಅಪ್ಪನ ಹತ್ತಿ

ಅಪ್ಪನ ಹತ್ತಿ ತುಂಬಿದ ನನ್ನ ಮೊದಲ ಹೀರೋ ಬೊಂಬೆಗೆ ಮೀಸೆ ಇತ್ತು, ಕಣ್ಣು ಇರಲಿಲ್ಲ. ಕಣ್ಣು ಇಡಬೇಡ ಎಂದವನು ನನ್ನ ಅಪ್ಪ. ಅದನ್ನು ಆಮೇಲೆ ಹೇಳುತ್ತೇನೆ.

ಗಣಿಯ ದುಡ್ಡು ಬಳ್ಳಾರಿಯಲ್ಲಿ ಹೊಳೆಯಾಗಿ ಹರಿಯುತ್ತಿದೆ ಎಂದು ಎಲ್ಲರೂ ಹೇಳುತ್ತಿದ್ದ ಕಾಲ ಅದು. ಗಾಂಧಿನಗರದ ಹಿಂದಿನ ನಮ್ಮ ಗಲ್ಲಿಗೆ ಆ ಹೊಳೆ ತಿರುಗಲೇ ಇಲ್ಲ. ಕೆಂಪು ಧೂಳು ಮಾತ್ರ ಒಂದು ದಿನವೂ ತಪ್ಪಿಸಿಕೊಳ್ಳದೆ ಬರುತ್ತಿತ್ತು. ನನ್ನ ಗಂಡ ಜೀನ್ಸ್ ಹೊಲಿಯುವ ಕಡೆ ಕೆಲಸಕ್ಕಿದ್ದ. ನಾನು ಮನೆಯಲ್ಲಿ ಕ್ರೋಶಾ ಕಡ್ಡಿ ಹಿಡಿದು ಟೀವಿಗೆ ಮುಸುಕು, ಬಾಗಿಲಿಗೆ ತೋರಣ ಹೆಣೆಯುತ್ತಿದ್ದೆ. ಯಾರಿಗೂ ಬೇಡವಾದ ಸಾಮಾನುಗಳು. ಒಂದು ದಿನ ಪಕ್ಕದ ಮನೆಯ ಅಕ್ಕ ಒಂದು ಸಿನಿಮಾ ಪೋಸ್ಟರ್ ತಂದು ನನ್ನ ಮುಂದೆ ಹಾಸಿದಳು.

"ಇಂವನ್ನ ಹೆಣಿ. ಸಂಘದ ಹುಡುಗ್ರು ಬಿದ್ದು ಬಿದ್ದು ಒಯ್ತಾರ ನೋಡು," ಎಂದಳು.

ಆಂಧ್ರ ಕೂಗಳತೆಯಲ್ಲಿರುವ ನಮ್ಮ ಕಡೆ ತೆಲುಗು ಸಿನಿಮಾದ ಹುಚ್ಚು ಹೇಳತೀರದು. ಹೀರೋನ ಹುಟ್ಟುಹಬ್ಬ, ಹೊಸ ಸಿನಿಮಾ, ನೂರು ದಿನ, ಏನಾದರೊಂದು ನೆಪ ಸಿಕ್ಕರೆ ಅಭಿಮಾನಿ ಸಂಘದವರು ಸಮಾವೇಶ ಮಾಡುತ್ತಿದ್ದರು. ಒಮ್ಮೆ ಬಳ್ಳಾರಿಯಲ್ಲಿ, ಒಮ್ಮೆ ಸಿರುಗುಪ್ಪದಲ್ಲಿ, ಒಮ್ಮೆ ಕುರುಗೋಡಿನಲ್ಲಿ. ಕಲ್ಯಾಣ ಮಂಟಪದ ಹೊರಗೆ ನಾನೂ ಅಕ್ಕನೂ ಒಂದು ಟೇಬಲ್ ಹಾಕಿ ನಿಲ್ಲುತ್ತಿದ್ದೆವು. ಗೇಣುದ್ದದ ಹೀರೋ, ಬಿಳಿ ಅಂಗಿ, ಹೆಗಲಿಗೆ ಕೆಂಪು ಟವೆಲ್. ಅವನ ಮೀಸೆಯಷ್ಟೇ ಇರುವ ಕೀಚೈನು. ಕೊರಳಿಗೆ ನೇತುಹಾಕುವ ಮೊಬೈಲ್ ಚೀಲ. ಅದಿರಿನ ಲಾರಿ ಓಡಿಸುವವರು ಹೀರೋನನ್ನು ಕನ್ನಡಿಗೆ ಕಟ್ಟಿಕೊಂಡು ಹೋಗುತ್ತಿದ್ದರು.

ಬೊಂಬೆಯ ಒಳಗೆ ತುಂಬಲು ಹತ್ತಿ ಬೇಕಲ್ಲ, ಅಲ್ಲಿಗೆ ಅಪ್ಪ ಬರುತ್ತಾನೆ.

ನಮ್ಮದು ಕುರುಗೋಡಿನ ಪಿಂಜಾರರ ಮನೆ. ಅಪ್ಪ ಹತ್ತಿ ಹಿಂಜಿ ಗಾದಿ, ದಿಂಬು ತುಂಬುವವನು. ಹತ್ತಿ ಹಿಂಜುವ ಆಳೆತ್ತರದ ಬಿಲ್ಲನ್ನು ಹೆಗಲಿಗೇರಿಸಿ ಹೋಗುತ್ತಾ ಅದರ ದಾರವನ್ನು ಒಮ್ಮೆ ಮೀಟಿದರೆ ಸಾಕು, ಹೆಂಗಸರು ಗಟ್ಟಿಯಾದ ಹಳೇ ಗಾದಿ ಹೊತ್ತು ಹೊರಗೆ ಬರುತ್ತಿದ್ದರು. ಮೋಕದಿಂದ ರೂಪನಗುಡಿಯವರೆಗೆ ಎಷ್ಟು ಮದುವೆಗಳ ಗಾದಿ ತುಂಬಿದ್ದನೋ ಅವನಿಗೇ ಗೊತ್ತಿರಲಿಲ್ಲ. ಆಮೇಲೆ ಊರೂರಿಗೂ ಫೋಮ್ ಗಾದಿ ಬಂತು. ನನ್ನ ಅಣ್ಣ ಅದಿರಿನ ಲಾರಿ ಓಡಿಸುತ್ತಿದ್ದ. ಮೊದಲ ಸಲ ಕೈತುಂಬ ದುಡ್ಡು ಸಿಕ್ಕಾಗ ಅವನು ಮನೆಗೆ ತಂದದ್ದು ಫೋಮ್ ಗಾದಿ. ಪಿಂಜಾರರ ಮನೆಯಲ್ಲಿ ಫೋಮ್ ಗಾದಿ! ಅಪ್ಪ ಬೈಯಲಿಲ್ಲ, ಅದರ ಮೇಲೆ ಮಲಗಲೂ ಇಲ್ಲ.

"ಭಾಳ ದುಡದಿ, ಇನ್ನ ಸುಮ್ನ ಕೂಡಪಾ," ಎಂದು ಅಣ್ಣ ಪ್ರೀತಿಯಿಂದಲೇ ಹೇಳಿದ್ದ. ಅಪ್ಪನಿಗೆ ಎಲ್ಲ ಕೆಲಸ ಬರುತ್ತಿತ್ತು, ಸುಮ್ಮನೆ ಕೂರುವ ಕೆಲಸ ಬರುತ್ತಿರಲಿಲ್ಲ. ಬಿಲ್ಲು ಗೋಡೆಗೆ ಏರಿತು, ಅಪ್ಪ ಇಳಿಯತೊಡಗಿದ. ನಾನು ತವರಿಗೆ ಹೋದಾಗ ಅತ್ತಿಗೆ ಅಡುಗೆಮನೆಗೆ ಕರೆದು ಹೇಳಿದಳು, "ಉಣ್ಣಾಕ ಕರದ್ರ, 'ನಾ ಏನು ಕೆಲಸ ಮಾಡೀನಂತ ಹಸಿವಾಗಬೇಕವಾ' ಅಂತಾನ. ನೀನಾರ ಏನಾರ ಮಾಡು."

ನನಗೆ ಭಯವಾಯಿತು. ರೋಗವಿದ್ದರೆ ಔಷಧ ತರಬಹುದು. ಹಸಿವೇ ಆಗದವನಿಗೆ ಏನು ತರುವುದು? ಅವತ್ತು ಸಂಜೆ ಅಪ್ಪನ ಮುಂದೆ ಒಂದು ಖಾಲಿ ಬೊಂಬೆ ಇಟ್ಟು, "ಇದಕ್ಕ ಹತ್ತಿ ಬೇಕಪ್ಪಾ, ಅಂಗಡಿ ಹತ್ತಿ ಸರಿ ಹೋಗವಲ್ದು," ಎಂದೆ. ಅಪ್ಪ ಬೊಂಬೆಯೊಳಗೆ ಎರಡು ಬೆರಳು ತೂರಿಸಿ ಅಳತೆ ನೋಡಿದ. ಮರುದಿನ ಬಿಲ್ಲು ಗೋಡೆಯಿಂದ ಇಳಿಯಿತು. ವಾರದೊಳಗೆ, ಎರಡು ರೊಟ್ಟಿ ಉಂಡು ಮೂರನೆಯದು ಕೇಳಿದನಂತೆ. ಅತ್ತಿಗೆ ಈ ಸುದ್ದಿ ಹೇಳುವುದಕ್ಕೆಂದೇ ಫೋನು ಮಾಡಿದ್ದಳು.

ಕಣ್ಣಿನ ಮಾತು ಬಂದದ್ದು ಆಗಲೇ. ಜೀವ ಇರುವವರ ರೂಪ ಮಾಡಿದರೆ, ಕೊನೆಯ ದಿನ ಅದಕ್ಕೆ ಜೀವ ತುಂಬು ಎಂದು ದೇವರು ಕೇಳುತ್ತಾನೆ ಎಂದು ಅಪ್ಪ ಮಸೀದಿಯಲ್ಲಿ ಕೇಳಿದ್ದ. ಹಾಗಂತ ಕೆಲಸ ಬಿಡಲೂ ಮನಸ್ಸಿಲ್ಲ. ಎರಡು ದಿನ ಯೋಚಿಸಿ ತಾನೇ ತೀರ್ಪು ಕೊಟ್ಟ: "ಕಣ್ಣು ಇರಲಿಲ್ಲಂದ್ರ ಅದು ಬೊಂಬಿ ಅಲ್ಲ, ದಿಂಬು. ದಿಂಬು ತುಂಬಾದು ನಮ್ಮ ಕೆಲಸ." ಹಾಗಾಗಿ ಕಣ್ಣಿನ ಮಣಿ ಹೊಲಿಯುವುದು ಪಕ್ಕದ ಅಕ್ಕನ ಪಾಲಿಗೆ ಬಂತು. ಅವಳು ನಗುತ್ತಾ, "ನಿಮ್ಮಪ್ಪ ಭಲೇ ವಕೀಲ. ಪಾಪ ಎಲ್ಲ ನನ್ನ ತಲಿ ಮ್ಯಾಲ," ಅನ್ನುತ್ತಲೇ ಹೊಲಿಯುತ್ತಿದ್ದಳು.

ಅಪ್ಪ ಹಿಂಜಿದ ಹತ್ತಿ ಹೇಗಿತ್ತೆಂದು ಹೇಳುವುದು ಕಷ್ಟ. ಚೀಲದ ಬಾಯಿ ಬಿಚ್ಚಿದರೆ ಹಾಲು ಉಕ್ಕಿದ ಹಾಗೆ ಮೇಲೆ ಬರುತ್ತಿತ್ತು. ಯೂರಿಯಾದ ಖಾಲಿ ಚೀಲ ತೊಳೆದು, ಒಣಗಿಸಿ, ಹತ್ತಿ ತುಂಬಿ, ಪಟ್ಟೆ ಪಟ್ಟೆಯ ಗಾದಿ ಬಟ್ಟೆಯ ತುಂಡಿನಿಂದ ಬಾಯಿ ಕಟ್ಟಿ, ಕುರುಗೋಡು ಬಸ್ಸಿನ ಮೇಲೆ ಹಾಕಿಸುತ್ತಿದ್ದ. ತಿಂಗಳಿಗೆ ಒಂದು ಚೀಲ. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತಿದ್ದೆ.

ವರ್ಷ ಕಳೆಯುವುದರೊಳಗೆ ತೊಂದರೆ ಶುರುವಾಯಿತು. ಲಾರಿಯಲ್ಲಿ ನೇತಾಡುವ ಹೀರೋ ಹದಿನೈದು ದಿನಕ್ಕೆ ಕೆಂಪಾಗುತ್ತಿದ್ದ. ಅವನನ್ನು ತೊಳೆದರೆ ಹತ್ತಿ ನೀರು ಕುಡಿದು ಕೆಳಗೆ ಇಳಿಯುತ್ತಿತ್ತು. ಒಣಗಿದ ಮೇಲೆ ನೋಡಿದರೆ ಎದೆ ಚಪ್ಪಟೆ, ಹೊಟ್ಟೆ ಗಡಿಗೆ. ಬಳ್ಳಾರಿಯ ಒಂದು ಸಮಾವೇಶದಲ್ಲಿ ಸಂಘದ ಮುಖಂಡನೊಬ್ಬ ಅಂಥ ಬೊಂಬೆಯನ್ನು ತಂದು ನನ್ನ ಟೇಬಲ್ ಮೇಲೆ ಕುಕ್ಕಿದ.

"ಏನ್ರೀ ಇದು? ನಮ್ಮ ಅಣ್ಣ ಬಸುರಿ ಅದಾನೇನ್ರಿ? ಇದು ಅವಮಾನ ರೀ!"

ಸುತ್ತಲಿದ್ದವರು ನಕ್ಕರು. ನನಗೆ ಮೂಗಿನ ತುದಿಯಲ್ಲೇ ಕೋಪ. "ನಿಮ್ಮ ಅಣ್ಣನ್ನ ಬಟ್ಟಿ ಒಗ್ಯಾ ಕಲ್ಲಿನ ಮ್ಯಾಲ ಕುಕ್ಕೀರಿ, ಅವನರ ಏನು ಮಾಡ್ಯಾನು?" ಎಂದು ಜಗಳ ಕಾದೆ. ಜಗಳದಲ್ಲಿ ಗೆದ್ದೆ, ಅವತ್ತಿನ ವ್ಯಾಪಾರ ಹೋಯಿತು. ಮುಂದಿನ ಸಲವೂ ಹೊಟ್ಟೆ ಬರುವ ಬೊಂಬೆ ತಂದರೆ ಟೇಬಲ್ ಹಾಕಲು ಬಿಡುವುದಿಲ್ಲ ಎಂದೂ ಹೇಳಿ ಕಳಿಸಿದರು.

ಅಂಗಡಿಯಲ್ಲಿ ಫೈಬರ್ ಸಿಗುತ್ತಿತ್ತು. ಹತ್ತಿಯ ಹಾಗೇ ಕಾಣುತ್ತದೆ, ಆದರೆ ಹತ್ತಿಯಲ್ಲ. ತೊಳೆದರೂ ಗಂಟು ಕಟ್ಟುವುದಿಲ್ಲ, ಕೊಡವಿದರೆ ಆರುತ್ತದೆ. ಅಕ್ಕ ಒಂದು ಪಾಕೀಟು ತಂದು ಕೊಟ್ಟಳು. ತುಂಬಿದೆ. ಹೀರೋ ಎದೆ ಉಬ್ಬಿಸಿ ನಿಂತ. ನನಗೆ ಸಂತೋಷವಾಗಬೇಕಿತ್ತು. ಆ ಬೊಂಬೆಯನ್ನು ಆಚೆ ಸರಿಸಿ ಎದ್ದುಹೋದೆ.

ಮರುದಿನದಿಂದ ಫೈಬರನ್ನೇ ತುಂಬತೊಡಗಿದೆ. ಅದನ್ನು ಅಪ್ಪನಿಗೆ ಹೇಳಬೇಕೆಂದು ಎಷ್ಟು ಸಲ ಅಂದುಕೊಂಡೆನೋ. ಊರಿನವರ ಜೊತೆಯೆಲ್ಲ ಜಗಳವಾಡುವ ನನ್ನ ಬಾಯಿಗೆ ಅಲ್ಲಿ ಮಾತ್ರ ಬೀಗ. ಹೇಳಿದರೆ ಬಿಲ್ಲು ಮತ್ತೆ ಗೋಡೆಗೇರುತ್ತದೆ, ಮೂರನೆಯ ರೊಟ್ಟಿ ಹೋಗುತ್ತದೆ, ಆಮೇಲೆ ಮೊದಲನೆಯದೂ ಹೋಗುತ್ತದೆ. ಹೇಳಲಿಲ್ಲ. ಚೀಲಗಳು ಬರುತ್ತಲೇ ಇದ್ದವು. ಒಂದೇ ಕೋಣೆಯ ಮನೆಯಲ್ಲಿ ಮೂರು ಚೀಲ, ನಾಲ್ಕು ಚೀಲ. ಕಾಲು ಚಾಚಿದರೆ ಅಪ್ಪನ ಹತ್ತಿ ತಾಗುತ್ತಿತ್ತು. ಕೊನೆಗೆ ಗಂಡ ಗೊಣಗಿದ. ಅಕ್ಕನ ಗಂಡ ಊರ ಹೊರಗಿನ ಬೈಪಾಸಿನಲ್ಲಿ ಲಾರಿ ಗ್ಯಾರೇಜ್ ಇಟ್ಟಿದ್ದ. ಅದಿರಿನ ಲಾರಿಗಳು ಅಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದವು. "ಎಣ್ಣಿ, ಗ್ರೀಸು ಒರಸಾಕ ನಮಗ ಹತ್ತಿ ಬೇಕಾ ಬೇಕು, ಕೊಡವಾ," ಎಂದ. ಕೊಟ್ಟೆ. ದುಡ್ಡಿಗಾಗಿ ಅಲ್ಲ, ಜಾಗಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಯಾವುದಕ್ಕಾದರೇನು, ಕೊಟ್ಟದ್ದು ಕೊಟ್ಟದ್ದೇ. ಒಂದೊಂದು ಎಳೆಯನ್ನೂ ಬಿಡಿಸಿ ಹಿಂಜಿದ ಹತ್ತಿಯನ್ನು ಲಾರಿಯ ಗ್ರೀಸು ಒರೆಸಲು ಕೊಟ್ಟೆ. ಹಾಗೆ ಎಂಟೊಂಬತ್ತು ತಿಂಗಳು ನಡೆಯಿತು.

ಸಿರುಗುಪ್ಪದಲ್ಲಿ ದೊಡ್ಡ ಸಮಾವೇಶ ಬಂತು. ಪಕ್ಕದ ಅಕ್ಕನಿಗೆ ಬರಲಾಗಲಿಲ್ಲ. ಇದು ಅತ್ತಿಗೆಯಿಂದ ಅಪ್ಪನ ಕಿವಿಗೆ ಬಿದ್ದು, "ನಾ ಬರ್ತೀನಿ. ನನ್ನ ಹತ್ತಿ ಯಾರ್‍ಯಾರ ಕೈಗಿ ಹೋಗತೈತಿ, ನಾನೂ ಒಂದ ಸಲ ನೋಡಬೇಕು," ಎಂದು ಹಿಂದಿನ ದಿನವೇ ಬಳ್ಳಾರಿಗೆ ಹೊರಟ. ಆ ತಿಂಗಳ ಚೀಲವನ್ನು ತಾನೇ ಹೊತ್ತು ತಂದ. ಬರುವುದು ಎರಡು ತಾಸು ತಡವಾಯಿತು. ಬಸ್ಸು ಪಂಚರ್ ಆಯಿತು ಎಂದ. ಅನ್ನ ಮುಂದಿಟ್ಟರೆ ಅರ್ಧ ಉಂಡು ಎದ್ದ. ಪ್ರಯಾಣದ ದಣಿವು ಎಂದುಕೊಂಡೆ.

ಸಿರುಗುಪ್ಪದಲ್ಲಿ ಡೊಳ್ಳು, ಪಟಾಕಿ, ಹೀರೋನ ಕಟೌಟಿಗೆ ಹಾಲಿನ ಅಭಿಷೇಕ. ಅಪ್ಪ ಹೊಸ ಟೋಪಿ ಹಾಕಿಕೊಂಡು ನನ್ನ ಟೇಬಲಿನ ಹಿಂದೆ ನಿಂತಿದ್ದ. ಬೊಂಬೆಗಳನ್ನು ಸಾಲಾಗಿ ಜೋಡಿಸಿದ್ದು ನಾನು. ಅವನು ಒಂದನ್ನೂ ಮುಟ್ಟಿರಲಿಲ್ಲ. ಮುಟ್ಟದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಐವತ್ತು ವರ್ಷ ಹತ್ತಿ ಹಿಡಿದ ಕೈಗೆ ಗೊತ್ತಾಗಲು ಒಂದು ಸಲ ಒತ್ತಿದರೆ ಸಾಕು.

ಕೆಂಪು ಟವೆಲ್ ಕಟ್ಟಿಕೊಂಡ ಲಾರಿ ಡ್ರೈವರ್ ಒಬ್ಬ ಬಂದು ಬೊಂಬೆ ಎತ್ತಿಕೊಂಡ. ನೇರ ಅಪ್ಪನನ್ನೇ ಕೇಳಿದ, "ಏನು ತುಂಬೀರಿ ತಾತಾ ಇದರಾಗ? ಹತ್ತಿ ಇದ್ರ ನನಗ ಬ್ಯಾಡ. ಹೋದ ವರ್ಷ ಒಯ್ದಿದ್ದೆ, ಎರಡ ದಿನಕ್ಕ ಹೊಟ್ಟಿ ಬಂತು. ದರಿದ್ರ ಹತ್ತಿ."

ಅಪ್ಪ ಅವನ ಕೈಯಿಂದ ಬೊಂಬೆ ತೆಗೆದುಕೊಂಡ. ಹೆಬ್ಬೆರಳಿನಿಂದ ಎದೆಯನ್ನು ಒತ್ತಿದ, ಬಿಟ್ಟ. ಇನ್ನೊಮ್ಮೆ ಒತ್ತಿದ. ಆಮೇಲೆ ಬೊಂಬೆಯ ಟವೆಲ್ ಸರಿಮಾಡಿ ಅವನಿಗೆ ವಾಪಸ್ ಕೊಟ್ಟ.

"ಇಲ್ಲಪಾ, ಇದು ಹತ್ತಿ ಅಲ್ಲ. ಒಯ್ಯಿ, ಚಲೋ ಐತಿ," ಎಂದ.

ಅವತ್ತು ಇಡೀ ದಿನ ಕೇಳಿದವರಿಗೆಲ್ಲ ಅದನ್ನೇ ಹೇಳಿದ. ಹತ್ತಿ ಅಲ್ಲ, ಹತ್ತಿ ಅಲ್ಲ. ಅವನು ಹಾಗೆ ಹೇಳಿದ್ದರಿಂದಲೇ ಎಂದಿಗಿಂತ ಹೆಚ್ಚು ಬೊಂಬೆ ಹೋದವು. ನಾನು ತಲೆ ತಗ್ಗಿಸಿ ಚಿಲ್ಲರೆ ಕೊಡುತ್ತಿದ್ದೆ.

ಸಂಜೆ ಸಿರುಗುಪ್ಪ ಬಸ್‌ಸ್ಟ್ಯಾಂಡಿನಲ್ಲಿ ಕೂತೆವು. ಅವನು ಕುರುಗೋಡಿಗೆ, ನಾನು ಬಳ್ಳಾರಿಗೆ. "ಅಪ್ಪಾ, ತಪ್ಪಾತು," ಎಂದೆ. ಅವನು, "ನಿನ್ನಿ ಬಸ್ಸು ಎಲ್ಲಿ ಪಂಚರ್ ಆತು ಗೊತ್ತೇನು?" ಎಂದು ಕೇಳಿದ. "ಬೈಪಾಸಿನ್ಯಾಗ, ಒಂದು ಗ್ಯಾರೇಜಿನ ಮುಂದ. ನೀರು ಕುಡ್ಯಾಕ ಒಳಗ ಹೋದೆ. ಒಬ್ಬಾಂವ ಕೈ ಒರಸ್ಕೊಳ್ಳಾಕತ್ತಿದ್ದ. ಹತ್ತಿ ನೋಡಿದೆ, ಬಿಲ್ಲಿನ ಹತ್ತಿ! ಈ ಕಡೆ ಬಿಲ್ಲು ಹಿಡಿಯಾವ ನನ್ನ ಬಿಟ್ಟು ಇನ್ನೊಬ್ಬ ಅದಾನಲ್ಲಪಾ ಅಂತ ಭಾಳ ಖುಷಿ ಆತವಾ ನನಗ. ಯಾವ ಊರಾಂವ ಕೇಳಬೇಕು, ಹೋಗಿ ಮಾತಾಡಸಬೇಕು ಅಂತ ಚೀಲದ ಕಡಿ ಹೋದೆ."

ಅಲ್ಲಿಗೆ ನಿಲ್ಲಿಸಿದ. ಚೀಲದ ಬಾಯಿಗೆ ಕಟ್ಟಿದ್ದ ಪಟ್ಟೆ ಬಟ್ಟೆಯ ಮಾತನ್ನು ಅವನು ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ. ಜನ ನೋಡುತ್ತಿದ್ದರೂ ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ನಾಳೆಯಿಂದ ಮತ್ತೆ ನಿನ್ನ ಹತ್ತಿಯನ್ನೇ ತುಂಬುತ್ತೇನೆ, ಹೊಟ್ಟೆ ಬಂದರೆ ಬರಲಿ, ಸಂಘದವರು ಹಾಳಾಗಿ ಹೋಗಲಿ ಎಂದೆ.

"ಹುಚ್ಚಿ," ಎಂದ ಅಪ್ಪ. "ನಾನೂ ಒತ್ತಿ ನೋಡೀನಿ. ಬೊಂಬಿಗೆ ಅದಾ ಚಲೋ ಐತಿ. ಕೆಲಸ ಕೆಡಸಬ್ಯಾಡ." ಕುರುಗೋಡಿನ ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ಕೇಳಿದ, "ಗ್ಯಾರೇಜಿನವರಿಗಿ ಇನ್ನೂ ಬೇಕಾಗತೈತೇನು ಹತ್ತಿ?"

ಬೇಕಾಗುತ್ತದೆ ಎಂದೆ. ಮತ್ತೇನು ಹೇಳಲಿ? "ಒರಸಾಕ ಅಷ್ಟ ಅಪ್ಪಾ, ಹೆಂಗಿದ್ರೂ ನಡೀತೈತಿ, ಮೈ ಮುರಿದು ಹಿಂಜಬ್ಯಾಡ," ಎಂದು ಕೂಗಿ ಹೇಳಿದೆ.

ಮುಂದಿನ ತಿಂಗಳು ಚೀಲ ಬಂತು. ಬಸ್‌ಸ್ಟ್ಯಾಂಡಿನಲ್ಲೇ ಬಾಯಿ ಬಿಚ್ಚಿದೆ. ಮೊದಲಿನದಕ್ಕಿಂತ ನಯವಾಗಿ ಹಿಂಜಿದ್ದ. ಒಂದು ಬೀಜದ ಚೂರಿಲ್ಲ, ಒಂದು ಗಂಟಿಲ್ಲ. ಮದುವೆಯ ಗಾದಿಗೆ ಹಾಕುವಂಥ ಹತ್ತಿ. ಅಲ್ಲಿಂದಲೇ ಅತ್ತಿಗೆಗೆ ಫೋನು ಮಾಡಿ ಅಪ್ಪನ ಕೈಗೆ ಕೊಡಿಸಿದೆ. ಎಣ್ಣೆ ಒರೆಸುವುದಕ್ಕೆ ಯಾಕೆ ಇಷ್ಟು ಕಷ್ಟಪಟ್ಟೆ ಎಂದು ರೇಗಿದೆ.

ಅವನು ತಪ್ಪು ಮಾಡಿ ಸಿಕ್ಕಿಬಿದ್ದವನ ದನಿಯಲ್ಲಿ, "ಒರಟು ಹಿಂಜಬೇಕಂತ ಕುಂತಿದ್ದೆ. ಕೈಗಿ ಬರವಲ್ದವಾ," ಎಂದ.

ಆ ಚೀಲವನ್ನು ಮನೆಗೆ ಒಯ್ಯಬೇಕು, ಹತ್ತಿ ತೆಗೆದು ದಿಂಬು ಮಾಡಿಕೊಂಡು ಅದರ ಮೇಲೆ ತಲೆಯಿಟ್ಟು ಮಲಗಬೇಕು ಅನ್ನಿಸಿತು. ಆದರೆ ಅದು ಖಾಲಿಯಾಗದಿದ್ದರೆ ಅವನಿಗೆ ಮುಂದಿನ ತಿಂಗಳ ಕೆಲಸ ಇರುವುದಿಲ್ಲ. ಆಟೋ ಮಾಡಿಕೊಂಡು ಬೈಪಾಸಿಗೆ ಹೋಗಿ, ಗ್ಯಾರೇಜಿನವರ ಕೈಗೆ ಕೊಟ್ಟು ಬಂದೆ.