ಕನ್ನಡಿಯಲ್ಲಿ ಅಕ್ಕನ ಫೋಟೋ

ಅಕ್ಕ ಪುಣೆಯ ಸದಾಶಿವ ಪೇಠದ ಕೋಚಿಂಗ್ ಕ್ಲಾಸೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ನಾನು ಕೆಲಸ ಸಿಕ್ಕಿ ಧಾರವಾಡದಿಂದ ಪುಣೆಗೆ ಬಂದಾಗ ಕೋಥರೂಡದ ಅವಳ ಮನೆಯಲ್ಲಿ ಇಳಿದೆ. ಬೇರೆ ಮನೆ ಹುಡುಕಲೇ ಇಲ್ಲ. ಇಬ್ಬರಿಗೂ ಮದುವೆ ಆಗಿರಲಿಲ್ಲ. ಕೊನೆತನಕ ಹೀಗೇ ಇರುತ್ತೇವೆ ಎಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅಂದುಕೊಂಡಿದ್ದೆ.

ಐವತ್ತು ದಾಟಿದ ಮೇಲೆ ಅಕ್ಕ ಮದುವೆ ನಿಶ್ಚಯಿಸಿಕೊಂಡಳು. ಗಂಡು ಹಿಂದೆ ಅದೇ ಕ್ಲಾಸಿನಲ್ಲಿ ಗಣಿತ ಕಲಿಸುತ್ತಿದ್ದ ಮರಾಠಿಯವರು, ಹೆಂಡತಿ ತೀರಿಕೊಂಡ ಮೇಲೆ ನಾಶಿಕಕ್ಕೆ ಹೋಗಿ ನೆಲೆಸಿದ್ದರು. ಒಂದು ಸಂಜೆ ಮೆಂತ್ಯ ಸೊಪ್ಪು ಬಿಡಿಸುತ್ತ ಅಕ್ಕ ಈ ಸುದ್ದಿ ಹೇಳಿದಳು. ನಾನು ಒಳ್ಳೆಯದಾಯಿತು ಎಂದು ಎದ್ದುಹೋಗಿ ಕುಕ್ಕರ್ ಇಟ್ಟೆ. ಮದುವೆಯ ದಿನದವರೆಗೂ ಇಬ್ಬರೂ ಆ ಮಾತು ಬಿಟ್ಟು ಉಳಿದೆಲ್ಲ ಮಾತಾಡಿದೆವು.

ಅಂದು ಬೆಳಿಗ್ಗೆ ರಿಜಿಸ್ಟ್ರಾರ್ ಕಚೇರಿಗೆ ಹೊರಡುವ ಮೊದಲು ಅವಳು ಇಳಕಲ್ ಸೀರೆಯುಟ್ಟು, ಕಪಾಟಿನ ಕನ್ನಡಿಯೆದುರು ಕೂತು ತುರುಬು ಕಟ್ಟಿಕೊಳ್ಳುತ್ತಿದ್ದಳು. ಕ್ಯಾಮೆರಾ ಕಂಡರೆ ಮುಖ ಬಿಗಿಯುವ ಸ್ವಭಾವ ಅವಳದು. ಅದಕ್ಕೇ ಹಿಂದೆ ನಿಂತು, ಕನ್ನಡಿಯಲ್ಲಿ ಕಾಣುವ ಮುಖದ ಫೋಟೋ ತೆಗೆಯಲು ಹೋದೆ. ಗಾಜಿಗೆ ಅಂಟಿಸಿದ್ದ ಹಣೆಯ ಟಿಕಳಿ ಸ್ಪಷ್ಟವಾಗಿ ಬಂತು, ಅಕ್ಕನ ಮುಖ ಮಸುಕಾಯಿತು. ಇನ್ನೊಮ್ಮೆ ತೆಗೆದರೂ ಅದೇ ಗತಿ. ಕನ್ನಡಿ ಹೊಲಸಾಗಿದೆ ಎಂದು ಗೊಣಗಿದೆ.

"ಕನ್ನಡಿ ಮ್ಯಾಲೆ ಫೋಕಸ್ ಮಾಡಬ್ಯಾಡ ತಂಗಿ," ಎಂದಳು ಅಕ್ಕ. "ನಾ ಅಲ್ಲಿಲ್ಲ."

"ಮತ್ತ ಎಲ್ಲಿ ಅದೀ?"

"ಕನ್ನಡಿಯಿಂದ ನಾ ಎಷ್ಟು ದೂರ ಕೂತೀನೋ, ಅದರ ಹಿಂದ ಅಷ್ಟೇ ದೂರ ಅದೀನಿ."

ಹೇರ್‌ಪಿನ್ನು ಹಲ್ಲಲ್ಲಿ ಕಚ್ಚಿಕೊಂಡೇ ಬಿಡಿಸಿ ಹೇಳಿದಳು. ಅವಳ ಮುಖದ ಬೆಳಕು ಕನ್ನಡಿಗೆ ಹೋಗಿ, ಅಲ್ಲಿಂದ ತಿರುಗಿ ನನ್ನ ಕಡೆ ಬರುತ್ತದೆ. ಲೆನ್ಸಿಗೆ ಆ ಎರಡೂ ದೂರ ಕೂಡಿಸಿ ಲೆಕ್ಕ. ಟಿಕಳಿ ಗಾಜಿನ ಮೇಲೇ ಇರುವುದರಿಂದ ಕ್ಯಾಮೆರಾ ಅದನ್ನೇ ಹಿಡಿಯುತ್ತಿದೆ, ಫೋಕಸನ್ನು ಕೈಯಿಂದ ತಿರುಗಿಸು ಎಂದಳು. ನಾನು ಲೆನ್ಸಿನ ಬಳೆಯನ್ನು ಮೆಲ್ಲಗೆ ತಿರುಗಿಸಿದೆ. ಟಿಕಳಿ ಕರಗಿತು, ಕನ್ನಡಿಯ ಅಂಚೂ ಕರಗಿತು. ಆಚೆಯಿಂದ ಅಕ್ಕ ಬಂದಳು: ಕಿವಿಯ ಬಳಿಯ ಬಿಳಿಗೂದಲು, ಹಲ್ಲಿನ ನಡುವಿನ ಪಿನ್ನು, ನನ್ನನ್ನೇ ನೋಡುತ್ತಿದ್ದ ಕಣ್ಣು. ಕ್ಲಿಕ್ ಮಾಡಿ ಕ್ಯಾಮೆರಾ ಇಳಿಸಿದೆ.

"ನಿನಗ ಬ್ಯಾಸರ ಆಗೇದ?" ಎಂದು ಕನ್ನಡಿಯಲ್ಲೇ ನೋಡುತ್ತ ಕೇಳಿದಳು.

"ಹೂಂ. ಭಾಳ."

"ನನಗೂ ಆಗೇದ. ಆದ್ರೂ ಹೋಗಬೇಕು ಅನಸ್ತದ."

ಅವಳು ಹಲ್ಲಿನಿಂದ ತೆಗೆದ ಪಿನ್ನು ಇಸಿದುಕೊಂಡು ತುರುಬಿಗೆ ನಾನೇ ಸಿಕ್ಕಿಸಿದೆ. ಸಡಿಲವಾಯಿತು ಎಂದು ಬಿಚ್ಚಿ ಮತ್ತೆ ಕಟ್ಟಿದೆ. ಅಷ್ಟೇನೂ ಸಡಿಲವಾಗಿರಲಿಲ್ಲ. ಕೆಳಗೆ ರಿಕ್ಷಾದವ ಹಾರ್ನ್ ಹೊಡೆಯುತ್ತಿದ್ದ.

ಆ ಫೋಟೋದ ಒಂದು ಪ್ರತಿ ಅವಳು ಒಯ್ದಳು, ಒಂದು ನನ್ನ ಹತ್ತಿರ ಇದೆ. ನಾಶಿಕದಲ್ಲಿ ಅಕ್ಕ ಸುಖವಾಗಿದ್ದಾಳೆ, ದನಿಯಲ್ಲೇ ಗೊತ್ತಾಗುತ್ತದೆ. ಭಾನುವಾರ ನಾನು ಫೋನು ಮಾಡಿದರೆ ಮೊದಲು ಎತ್ತುವವರು ಭಾವನವರು. "ಊಟ ಆತೇನ್ರಿ?" ಎನ್ನುತ್ತಾರೆ. ಅವರು ಕಲಿತ ಕನ್ನಡ ಅಷ್ಟೇ. ಆತ್ರೀ ಎನ್ನುತ್ತೇನೆ. ಅವರು ಒಳಗೆ ಕೂಗುತ್ತಾರೆ. ನಾನು ಬಾಲ್ಕನಿಯಲ್ಲಿ ನಿಂತು, ಅಕ್ಕನ ಬಳೆಯ ಸದ್ದು ಫೋನಿನ ಹತ್ತಿರ ಬರುವುದನ್ನು ಕಾಯುತ್ತೇನೆ.